ಹಳೇಬೀಡಿನ ಕುದುರೆ, ಬೇಲೂರಿನ ಕಾಫಿ ಮತ್ತು ಯುರೋಪಿನ ದಾರಿ



ಈ ಪುಟಗಳನ್ನು ಓದಲು ಕೂರುವ ಮುನ್ನ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಅಥವಾ ಶಾಲೆಯ ಅಟ್ಲಾಸನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಇವತ್ತು ನಾವು ಹಾಸನ ಜಿಲ್ಲೆಯಿಂದ ಹೊರಟು ಯುರೋಪಿನವರೆಗೆ ಹೋಗಬೇಕಾಗಿದೆ. ವಿಮಾನದಲ್ಲಿ ಹೋಗುವುದಾದರೆ ಹೆಚ್ಚು ಹೇಳುವುದೇನೂ ಇರುತ್ತಿರಲಿಲ್ಲ. ನಾವು ಹೋಗುವುದು ಒಂದು ಗೋಣಿಚೀಲದ ಜೊತೆಯಲ್ಲಿ; ಲಾರಿ, ರೈಲು, ಹಡಗುಗಳನ್ನು ಹತ್ತಿ ಇಳಿಯುತ್ತಾ.

ಹಿಂದೊಮ್ಮೆ ನಮ್ಮ ತಂಡ ವಿದ್ಯಾರ್ಥಿಗಳ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆಂದು ಹಳೇಬೀಡಿಗೆ ಹೋಗಿತ್ತು. ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಬುಡದಲ್ಲಿರುವ ಶಿಲ್ಪಪಟ್ಟಿಕೆಗಳನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಆಮೇಲೆ ಬಳ್ಳಿಯ ಸುರುಳಿ, ಅದರ ಮೇಲೆ ಕುದುರೆ ಸವಾರರ ಸಾಲು. ಶಾಲಾ ಪ್ರವಾಸಕ್ಕೆ ಬಂದಿದ್ದ ಒಬ್ಬ ಹುಡುಗಿ ತನ್ನ ಮೇಷ್ಟ್ರನ್ನು ಕೇಳಿದಳು: “ಸಾರ್, ಆನೆಗಳು ನಮ್ಮ ಕಾಡಿನವು. ಈ ಕುದುರೆಗಳು ಎಲ್ಲಿಂದ ಬಂದವು?” “ರಾಜರ ಸೈನ್ಯದಲ್ಲಿ ಇದ್ದವಮ್ಮ” ಎಂದರು ಮೇಷ್ಟ್ರು. ಹುಡುಗಿ ಬಿಡಲಿಲ್ಲ. “ಸೈನ್ಯಕ್ಕೆ ಎಲ್ಲಿಂದ ಬಂದವು, ಸಾರ್?”

ಈ ಪ್ರಶ್ನೆಗೆ ಉತ್ತರ ಸಮುದ್ರದ ಆಚೆ ಇದೆ. ಯುದ್ಧಕ್ಕೆ ಬೇಕಾದ ಉತ್ತಮ ತಳಿಯ ಕುದುರೆಗಳ ಸಂತಾನವನ್ನು ಬೆಳೆಸಲು ದಕ್ಷಿಣ ಭಾರತದ ಹವೆ ಅಷ್ಟಾಗಿ ಒಗ್ಗುತ್ತಿರಲಿಲ್ಲ. ಆದ್ದರಿಂದ ಅರಬ್ ಮತ್ತು ಪರ್ಷಿಯಾ ನಾಡುಗಳಿಂದ ಕುದುರೆಗಳನ್ನು ಹಡಗುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ತಂದು, ಅಲ್ಲಿಂದ ಘಟ್ಟ ಹತ್ತಿಸಿ ಒಳನಾಡಿನ ಅರಸರಿಗೆ ಮಾರುತ್ತಿದ್ದರು. ಬಂದ ಹಡಗುಗಳು ಖಾಲಿ ಹಿಂದಿರುಗುತ್ತಿರಲಿಲ್ಲ. ಮೆಣಸು ಮತ್ತು ಇತರ ಸರಕುಗಳನ್ನು ತುಂಬಿಕೊಂಡು ಹೋಗುತ್ತಿದ್ದವು.

ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು ೧೧೧೭ರಲ್ಲಿ, ವಿಷ್ಣುವರ್ಧನನ ಕಾಲದಲ್ಲಿ. ಹಳೇಬೀಡಿನ ದೇವಾಲಯದ ಕೆಲಸ ಆರಂಭವಾದದ್ದು ೧೧೨೧ರ ಸುಮಾರಿಗೆ. ಅದೇ ಕಾಲಕ್ಕೆ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ ವಾಸವಾಗಿದ್ದ. ಅವನ ಹುಟ್ಟೂರು ಉತ್ತರ ಆಫ್ರಿಕಾದ ಇಂದಿನ ಟ್ಯುನೀಸಿಯಾದಲ್ಲಿ. ೧೧೩೨ರಿಂದ ೧೧೪೯ರವರೆಗೆ, ಸುಮಾರು ಹದಿನೇಳು ವರ್ಷ, ಅವನು ನಮ್ಮ ಕರಾವಳಿಯಲ್ಲಿದ್ದು ಮೆಣಸು, ಕಬ್ಬಿಣ, ಕಂಚಿನ ಪಾತ್ರೆಗಳನ್ನು ಏಡನ್ ಬಂದರಿನ ಕಡೆಗೆ ಕಳುಹಿಸುತ್ತಿದ್ದ. ಅವನ ಪತ್ರವ್ಯವಹಾರ ಕೈರೋ ನಗರದ ಹಳೆಯ ಯೆಹೂದಿ ಪ್ರಾರ್ಥನಾ ಮಂದಿರವೊಂದರಲ್ಲಿ ಉಳಿದುಬಂದುದರಿಂದ ಈ ಸಂಗತಿ ನಮಗೆ ತಿಳಿದಿದೆ. ಮಂಗಳೂರು, ಏಡನ್, ಕೆಂಪು ಸಮುದ್ರ, ಈಜಿಪ್ಟ್, ಅಲ್ಲಿಂದ ಮೆಡಿಟರೇನಿಯನ್ ಸಮುದ್ರದ ಬಂದರುಗಳು. ಅಟ್ಲಾಸಿನಲ್ಲಿ ಬೆರಳಿಟ್ಟು ನೋಡಿ. ಒಂಬೈನೂರು ವರ್ಷದ ಹಿಂದಿನ ಈ ದಾರಿಯನ್ನೇ, ಸ್ವಲ್ಪ ತಿದ್ದಿಕೊಂಡು, ನಾವು ಇಂದಿಗೂ ಬಳಸುತ್ತಿದ್ದೇವೆ.

ಈ ಮಾತುಕತೆಯಲ್ಲಿ ನಾನು ಹೇಳಬೇಕೆಂದಿರುವುದು ಒಂದೇ ವಿಷಯ. ಸರಕಿನ ದಾರಿ ಎಂದರೆ ಒಂದು ಸರಪಳಿ. ಸರಪಳಿಯ ಬಲ ಅದರ ಉದ್ದದಲ್ಲಿಲ್ಲ. ಅದರ ಅತಿ ದುರ್ಬಲವಾದ ಕೊಂಡಿಯಲ್ಲಿದೆ. ಆ ಕೊಂಡಿ ಎಲ್ಲಿದೆ ಎಂದು ಹುಡುಕುವುದನ್ನು ಕಲಿತರೆ, ಪತ್ರಿಕೆಗಳಲ್ಲಿ ಬರುವ ಎಷ್ಟೋ ದೊಡ್ಡ ದೊಡ್ಡ ಯೋಜನೆಗಳ ಸುದ್ದಿ ನಿಮಗೆ ತಾನಾಗಿಯೇ ಅರ್ಥವಾಗುತ್ತದೆ.

ಮೊದಲ ಕೊಂಡಿ: ಹಳಿಯ ಅಗಲ

ಅರಸೀಕೆರೆಯಿಂದ ಹೊರಡೋಣ. ಅರಸಿಯ ಕೆರೆ ಅರಸೀಕೆರೆಯಾಯಿತು ಎನ್ನುತ್ತಾರೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಮುಖ್ಯ ಮಾರ್ಗದಿಂದ ಹಾಸನ, ಮೈಸೂರಿನ ದಾರಿ ಕವಲೊಡೆಯುವ ಜಂಕ್ಷನ್ ಇದು. ಸುತ್ತಲೂ ತೆಂಗಿನ ಸೀಮೆ. ಕಾಯಿ, ಕೊಬ್ಬರಿ, ನಾರು ಇಲ್ಲಿಯ ಜನರ ಬದುಕು.

ನನ್ನ ಬಾಲ್ಯದಲ್ಲಿ ಅರಸೀಕೆರೆಯಿಂದ ಹಾಸನಕ್ಕೆ ಹೋದ ರೈಲಿನ ಬೋಗಿಗಳು ಈಗಿನವುಗಳಿಗಿಂತ ಚಿಕ್ಕವು. ಅದು ಮೀಟರ್ ಗೇಜ್. ಎರಡು ಹಳಿಗಳ ನಡುವಣ ಅಂತರ ೧,೦೦೦ ಮಿಲಿಮೀಟರ್. ೧೮೮೦ರ ದಶಕದಲ್ಲಿ ಬೆಂಗಳೂರಿನಿಂದ ಹರಿಹರದ ಕಡೆಗೆ ಹಳಿ ಹಾಕಿದಾಗ ಖರ್ಚು ಕಡಿಮೆಯಾಗಲೆಂದು ಈ ಅಳತೆಯನ್ನು ಆರಿಸಿದ್ದರು. ಆದರೆ ಬೆಂಗಳೂರಿನಿಂದ ಮದರಾಸಿಗೆ ಇದ್ದದ್ದು ಬ್ರಾಡ್ ಗೇಜ್, ಅಂದರೆ ೧,೬೭೬ ಮಿಲಿಮೀಟರ್. ಇದರ ಪರಿಣಾಮವೇನು? ಅರಸೀಕೆರೆಯಲ್ಲಿ ವ್ಯಾಗನ್ನಿಗೆ ಹತ್ತಿದ ಕೊಬ್ಬರಿ ಮೂಟೆ ಮದರಾಸಿಗೆ ಹೋಗಬೇಕಾದರೆ ಬೆಂಗಳೂರಿನಲ್ಲಿ ಒಮ್ಮೆ ಇಳಿದು, ಹಮಾಲಿಗಳ ಬೆನ್ನೇರಿ, ಇನ್ನೊಂದು ವ್ಯಾಗನ್ನಿಗೆ ಹತ್ತಬೇಕು. ಒಂದು ದಿನ ತಡ, ಒಂದಿಷ್ಟು ಕೂಲಿ, ಒಂದಿಷ್ಟು ಹರಿದ ಚೀಲ. ರೈಲು ಎಷ್ಟೇ ವೇಗವಾಗಿ ಓಡಲಿ, ಮೂಟೆ ಮಾತ್ರ ಅಲ್ಲಿ ನಿಂತೇ ನಿಲ್ಲುತ್ತಿತ್ತು.

೧೯೯೦ರ ದಶಕದಲ್ಲಿ ನಮ್ಮ ರಾಜ್ಯದ ಮುಖ್ಯ ಮಾರ್ಗಗಳು ಒಂದೊಂದಾಗಿ ಬ್ರಾಡ್ ಗೇಜ್‌ಗೆ ಬದಲಾದವು. ಆದರೆ ಈ ತೊಡಕು ಕೇವಲ ನಮ್ಮದೆಂದು ತಿಳಿಯಬೇಡಿ. ಚೀನಾದಲ್ಲಿ, ಇರಾನಿನಲ್ಲಿ, ಯುರೋಪಿನ ಬಹುಭಾಗದಲ್ಲಿ ಹಳಿಯ ಅಂತರ ೧,೪೩೫ ಮಿಲಿಮೀಟರ್. ರಷ್ಯಾ, ಕಜಾಕಸ್ತಾನ, ಬೆಲಾರಸ್ ದೇಶಗಳಲ್ಲಿ ೧,೫೨೦. ಭಾರತದಲ್ಲಿ ೧,೬೭೬. ಏಷ್ಯಾ ಮತ್ತು ಯುರೋಪುಗಳ ನಡುವೆ ಸಮುದ್ರವಿಲ್ಲ, ನೆಲ ಒಂದೇ. ಆದರೂ ಹಳಿ ಒಂದಲ್ಲ. ಈ ಮೂರು ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತವೆ.

ಎರಡನೆಯ ಕೊಂಡಿ: ಘಟ್ಟ

ಅರಸೀಕೆರೆಯಿಂದ ಹಾಸನ ಸುಮಾರು ೪೭ ಕಿಲೋಮೀಟರ್. ಅಲ್ಲಿಂದ ಸಕಲೇಶಪುರ. ಆಮೇಲೆ ನೆಲ ಕುಸಿದಂತೆ ಕೆಳಗಿಳಿಯುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು ೫೫ ಕಿಲೋಮೀಟರಿನಲ್ಲಿ ೫೭ ಸುರಂಗಗಳಿವೆ. ದಾರಿಯ ಇಳಿಜಾರು ಐವತ್ತಕ್ಕೆ ಒಂದು. ಅಂದರೆ ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರಿಳಿತ. ನಡೆಯುವವರಿಗೆ ಇದು ಗೊತ್ತೇ ಆಗುವುದಿಲ್ಲ. ರೈಲಿಗೆ ಇದೇ ದೊಡ್ಡ ಗುಡ್ಡ. ಏಕೆ?

ನಾನು ಓದಿದ್ದು ಬಿ.ಎಸ್ಸಿ. ಆದ್ದರಿಂದ ಸ್ವಲ್ಪ ಲೆಕ್ಕಕ್ಕೆ ಅವಕಾಶ ಕೊಡಿ. ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಉರುಳುವಾಗ ಎದುರಾಗುವ ತಡೆ ಬಹಳ ಕಡಿಮೆ. ಸಮತಟ್ಟಾದ ಹಳಿಯ ಮೇಲೆ ಒಂದು ಟನ್ ಹೊರೆಯನ್ನು ನಿಧಾನವಾಗಿ ಎಳೆಯಲು ಸುಮಾರು ಎರಡು ಕಿಲೋಗ್ರಾಂ ತೂಕದಷ್ಟು ಬಲ ಸಾಕು. ರಸ್ತೆಯ ಮೇಲೆ ರಬ್ಬರ್ ಟೈರಿನ ಲಾರಿಗೆ ಇದರ ನಾಲ್ಕೈದು ಪಟ್ಟು ಬೇಕು. ರೈಲು ಸಾಗಣೆ ಅಗ್ಗವಾಗಲು ಮುಖ್ಯ ಕಾರಣ ಇದೇ. ಆದರೆ ಐವತ್ತಕ್ಕೆ ಒಂದರ ಏರಿನಲ್ಲಿ ಭೂಮಿಯ ಗುರುತ್ವಾಕರ್ಷಣೆ ಪ್ರತಿ ಟನ್ನನ್ನೂ ಇಪ್ಪತ್ತು ಕಿಲೋಗ್ರಾಂ ಬಲದಿಂದ ಹಿಂದಕ್ಕೆಳೆಯುತ್ತದೆ. ಒಂದು ಸಾವಿರವನ್ನು ಐವತ್ತರಿಂದ ಭಾಗಿಸಿ ನೋಡಿ, ಸಿಕ್ಕುತ್ತದೆ. ಎರಡು ಕಿಲೋ ಬೇಕಾಗಿದ್ದಲ್ಲಿ ಈಗ ಇಪ್ಪತ್ತೆರಡು ಕಿಲೋ, ಹನ್ನೊಂದು ಪಟ್ಟು! ಹೀಗಾಗಿ ಮಂಗಳೂರಿನ ಕಡೆಯಿಂದ ಹೊರೆ ಹೊತ್ತು ಬರುವ ಗೂಡ್ಸ್ ಗಾಡಿಗೆ ಮುಂದೆ ಎಳೆಯುವ ಇಂಜಿನ್‌ಗಳಲ್ಲದೆ ಹಿಂದಿನಿಂದ ನೂಕುವ ಇಂಜಿನ್‌ಗಳೂ ಬೇಕು. ಇಳಿಯುವ ಗಾಡಿಯ ಚಿಂತೆ ಬೇರೆ. ಅದಕ್ಕೆ ಬ್ರೇಕಿನದೇ ಚಿಂತೆ.

ಹಾಸನ-ಮಂಗಳೂರು ಮಾರ್ಗ ಮೀಟರ್ ಗೇಜ್ ಆಗಿ ೧೯೭೯ರಲ್ಲಿ ಸಂಚಾರಕ್ಕೆ ತೆರೆಯಿತು. ೧೯೯೬ರಲ್ಲಿ ಬ್ರಾಡ್ ಗೇಜ್ ಕೆಲಸಕ್ಕೆಂದು ಮುಚ್ಚಿತು. ಕೆಲಸ ಮುಗಿದು ಗೂಡ್ಸ್ ಗಾಡಿಗಳು ಮತ್ತೆ ಓಡಿದ್ದು ೨೦೦೬ರಲ್ಲಿ, ಪ್ರಯಾಣಿಕರ ಗಾಡಿಗಳು ೨೦೦೭ರ ಕೊನೆಯಲ್ಲಿ. ಹತ್ತು ವರ್ಷ! ಹಾಸನದ ಒಂದನೆಯ ತರಗತಿಯ ಮಗು ಎಸ್.ಎಸ್.ಎಲ್.ಸಿ. ಮುಗಿಸುವಷ್ಟು ಕಾಲ ನಮ್ಮ ಒಳನಾಡಿಗೂ ನಮ್ಮದೇ ಬಂದರಿಗೂ ನಡುವೆ ಈ ನೇರ ರೈಲು ಇರಲಿಲ್ಲ. ಸರಕೆಲ್ಲ ಶಿರಾಡಿ ಘಟ್ಟದ ರಸ್ತೆಯಂಥ ರಸ್ತೆಗಳನ್ನೇ ನಂಬಬೇಕಾಯಿತು. ಇಂದಿಗೂ ಕಾಫಿಯಂಥ ಸರಕು ಹೆಚ್ಚಾಗಿ ಇಳಿಯುವುದು ಲಾರಿಗಳಲ್ಲೇ.

ಮೂರನೆಯ ಕೊಂಡಿ: ಪೆಟ್ಟಿಗೆ ಮತ್ತು ಬಂದರು

ಘಟ್ಟ ಇಳಿದರೆ ಪಣಂಬೂರು. ನವ ಮಂಗಳೂರು ಬಂದರು ೧೯೭೪ರಲ್ಲಿ ಪ್ರಮುಖ ಬಂದರೆಂದು ಘೋಷಣೆಯಾಗಿ, ೧೯೭೫ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಇಲ್ಲಿ ನಮ್ಮ ಗೋಣಿಚೀಲಕ್ಕೆ ಒಂದು ಉಕ್ಕಿನ ಮನೆ ಸಿಗುತ್ತದೆ. ಅದೇ ಕಂಟೇನರ್.

ಕಂಟೇನರ್ ನೋಡಲು ಏನೂ ವಿಶೇಷವಲ್ಲ, ಒಂದು ಉಕ್ಕಿನ ಪೆಟ್ಟಿಗೆ. ಆದರೆ ಕಳೆದ ಶತಮಾನದಲ್ಲಿ ವ್ಯಾಪಾರದ ಸ್ವರೂಪವನ್ನು ಬದಲಿಸಿದ ಆವಿಷ್ಕಾರಗಳಲ್ಲಿ ಇದೂ ಒಂದು. ಅಮೆರಿಕದ ಲಾರಿ ಮಾಲೀಕ ಮಾಲ್ಕಂ ಮೆಕ್ಲೀನ್ ೧೯೫೬ರ ಏಪ್ರಿಲ್ ೨೬ರಂದು ‘ಐಡಿಯಲ್ ಎಕ್ಸ್’ ಎಂಬ ಹಡಗಿನಲ್ಲಿ ೫೮ ಪೆಟ್ಟಿಗೆಗಳನ್ನು ನೆವಾರ್ಕಿನಿಂದ ಹ್ಯೂಸ್ಟನ್‌ಗೆ ಕಳುಹಿಸಿದ. ಅವನ ಯೋಚನೆ ಸರಳವಾಗಿತ್ತು: ಮೂಟೆಗಳನ್ನು ಒಂದೊಂದಾಗಿ ಏಕೆ ಇಳಿಸಬೇಕು, ಪೆಟ್ಟಿಗೆಯನ್ನೇ ಎತ್ತಿ ಇಡಬಾರದೇಕೆ? ಆಮೇಲೆ ಪೆಟ್ಟಿಗೆಯ ಅಳತೆಯನ್ನು ಲೋಕಕ್ಕೆಲ್ಲ ಒಂದೇ ಮಾಡಿದರು. ಲಾರಿಯ ಮೇಲೆ ಕೂರುವ ಪೆಟ್ಟಿಗೆಯೇ ರೈಲಿನ ಮೇಲೂ ಹಡಗಿನ ಮೇಲೂ ಕೂರುತ್ತದೆ. ಇಪ್ಪತ್ತು ಅಡಿಯ ಪೆಟ್ಟಿಗೆಯಲ್ಲಿ ೬೦ ಕಿಲೋ ತೂಕದ ೩೨೦ ಚೀಲ ಕಾಫಿ ತುಂಬಬಹುದು. ೧೯ ಟನ್ನಿಗೂ ಸ್ವಲ್ಪ ಹೆಚ್ಚು. ಹಳಿಯ ಅಗಲವನ್ನು ಒಂದು ಮಾಡಲಾಗದ ಜಗತ್ತು ಪೆಟ್ಟಿಗೆಯ ಅಗಲವನ್ನು ಒಂದು ಮಾಡಿತು. ಕೊಂಡಿಯನ್ನು ತೆಗೆಯಲು ಆಗದಿದ್ದರೂ ಸಡಿಲವಾಗದಂತೆ ಬಿಗಿಯುವುದು ಸಾಧ್ಯ ಎಂಬುದಕ್ಕೆ ಇದೇ ಉದಾಹರಣೆ.

ಮಂಗಳೂರಿನಂಥ ಬಂದರಿಗೆ ಅತಿ ದೊಡ್ಡ ಕಂಟೇನರ್ ಹಡಗುಗಳು ಬರುವುದಿಲ್ಲ. ಚಿಕ್ಕ ಹಡಗುಗಳು ಪೆಟ್ಟಿಗೆಗಳನ್ನು ಕೊಲಂಬೊದಂಥ ದೊಡ್ಡ ಬಂದರಿಗೆ ಒಯ್ಯುತ್ತವೆ. ಅಲ್ಲಿ ಅವು ತಾಯಿ ಹಡಗಿಗೆ ಹತ್ತುತ್ತವೆ. ಇದೂ ಒಂದು ಕೊಂಡಿ. ನಮ್ಮ ನೆಲದಲ್ಲೇ ದೊಡ್ಡ ಹಡಗುಗಳು ನಿಲ್ಲಬೇಕೆಂಬ ಉದ್ದೇಶದಿಂದ ಕೇರಳದ ವಿಳಿಂಜಂನಲ್ಲಿ ಕಟ್ಟಿದ ಬಂದರು ೨೦೨೫ರ ಮೇ ೨ರಂದು ಉದ್ಘಾಟನೆಯಾಯಿತು.

ನಾಲ್ಕನೆಯ ಕೊಂಡಿ: ಕಣ್ಣೀರಿನ ಬಾಗಿಲು

ಈಗ ಅಟ್ಲಾಸಿನಲ್ಲಿ ಅರಬ್ಬೀ ಸಮುದ್ರವನ್ನು ದಾಟಿ. ಯೆಮೆನ್ ಮತ್ತು ಆಫ್ರಿಕಾಗಳ ನಡುವೆ ಸುಮಾರು ೩೦ ಕಿಲೋಮೀಟರ್ ಅಗಲದ ಒಂದು ಜಲಸಂಧಿ ಕಾಣುತ್ತದೆ. ಹೆಸರು ಬಾಬ್ ಎಲ್ ಮಂದೆಬ್. ಅರಬ್ಬೀ ಭಾಷೆಯಲ್ಲಿ ‘ಕಣ್ಣೀರಿನ ಬಾಗಿಲು’. ಇದನ್ನು ದಾಟಿದರೆ ಕೆಂಪು ಸಮುದ್ರ, ಅದರ ತುದಿಯಲ್ಲಿ ಸೂಯೆಜ್ ಕಾಲುವೆ, ಅದರಾಚೆ ಮೆಡಿಟರೇನಿಯನ್. ಜಲಸಂಧಿಯ ಸಮೀಪದಲ್ಲೇ ಮೋಕಾ ಎಂಬ ಹಳೆಯ ಬಂದರಿದೆ. ಬಾಬಾಬುಡನ್ ಏಳು ಕಾಫಿ ಬೀಜಗಳನ್ನು ಯೆಮೆನ್ನಿನಿಂದ ಚಿಕ್ಕಮಗಳೂರಿನ ಬೆಟ್ಟಕ್ಕೆ ತಂದರೆಂಬ ಐತಿಹ್ಯ ನಿಮಗೆ ಗೊತ್ತೇ ಇದೆ. ಅಂದು ಬೀಜ ಯಾವ ಸೀಮೆಯಿಂದ ಬಂತೋ ಆ ಸೀಮೆಯ ಬಾಗಿಲಿನ ಮೂಲಕವೇ ಇಂದು ಬೇಲೂರು, ಸಕಲೇಶಪುರಗಳ ಕಾಫಿ ಇಟಲಿ, ಜರ್ಮನಿಗಳಿಗೆ ಹೋಗುತ್ತದೆ. ಭಾರತದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಭಾಗ ಬೆಳೆಯುವುದು ಕರ್ನಾಟಕದಲ್ಲಿ. ಅದರ ಹೆಚ್ಚಿನ ಪಾಲು ಹೊರದೇಶಗಳಿಗೆ ಹೋಗುತ್ತದೆ.

ಸೂಯೆಜ್ ಕಾಲುವೆ ತೆರೆದದ್ದು ೧೮೬೯ರ ನವೆಂಬರ್ ೧೭ರಂದು. ಅದಕ್ಕೆ ಮುನ್ನ ಹಾಯಿ ಹಡಗುಗಳು ಆಫ್ರಿಕಾ ಖಂಡವನ್ನೇ ಸುತ್ತಿ, ಗುಡ್‌ಹೋಪ್ ಭೂಶಿರದ ಮೂಲಕ ತಿಂಗಳುಗಟ್ಟಲೆ ಸಾಗುತ್ತಿದ್ದವು. ಇದರಿಂದ ಒಂದು ವಿಚಿತ್ರ ನಡೆಯಿತು. ಹಡಗಿನ ಒಡಲಲ್ಲಿ ಸಮುದ್ರದ ತೇವದ ಗಾಳಿ ಕುಡಿಯುತ್ತಾ ಹೋದ ನಮ್ಮ ಕಾಫಿ ಬೀಜಗಳು ಊದಿಕೊಂಡು, ಹಸಿರು ಬಣ್ಣ ಕಳೆದುಕೊಂಡು, ನಸು ಹಳದಿಯಾಗುತ್ತಿದ್ದವು. ಹುಳಿ ತಗ್ಗಿ ರುಚಿ ಬೇರೆಯಾಗುತ್ತಿತ್ತು. ಯುರೋಪಿನ ಜನ ಆ ರುಚಿಗೇ ಒಗ್ಗಿಹೋದರು! ಕಾಲುವೆ ತೆರೆದು, ಉಗಿ ಹಡಗುಗಳು ಬಂದು, ಪ್ರಯಾಣ ಕೆಲವೇ ವಾರಗಳಿಗೆ ಇಳಿದಾಗ ಬೀಜ ಹಸಿರಾಗಿಯೇ ತಲುಪಿತು. “ಇದು ನಮ್ಮ ಹಳೆಯ ಕಾಫಿಯಲ್ಲ” ಎಂದು ಗಿರಾಕಿಗಳು ದೂರಿದರು. ಅದಕ್ಕೆ ನಮ್ಮ ಕರಾವಳಿಯವರು ಉಪಾಯ ಕಂಡುಕೊಂಡರು. ಮಳೆಗಾಲದಲ್ಲಿ ತೆರೆದ ಗೋದಾಮುಗಳಲ್ಲಿ ಬೀಜ ಹರಡಿ, ಕೈಯಾಡಿಸಿ, ಮುಂಗಾರಿನ ಗಾಳಿಗೆ ವಾರಗಟ್ಟಲೆ ಒಡ್ಡಿದರು. ಹಡಗಿನಲ್ಲಿ ಆಗುತ್ತಿದ್ದ ಬದಲಾವಣೆ ದಡದಲ್ಲೇ ಆಯಿತು. ‘ಮಾನ್‌ಸೂನ್ಡ್ ಮಲಬಾರ್’ ಎಂಬ ಹೆಸರಿನಲ್ಲಿ ಆ ಕಾಫಿ ಇಂದಿಗೂ ಮಾರಾಟವಾಗುತ್ತದೆ. ದಾರಿ ಬದಲಾದರೆ ಸರಕಿನ ರುಚಿಯೂ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಈ ಬಾಗಿಲು ಆಗಾಗ ಮುಚ್ಚಿಕೊಂಡಿದೆ. ೧೯೬೭ರ ಜೂನ್‌ನಲ್ಲಿ ಅರಬ್-ಇಸ್ರೇಲ್ ಯುದ್ಧ ಆರಂಭವಾದಾಗ ಮುಚ್ಚಿದ ಸೂಯೆಜ್ ಕಾಲುವೆ ಮತ್ತೆ ತೆರೆದದ್ದು ೧೯೭೫ರ ಜೂನ್ ೫ರಂದು, ಎಂಟು ವರ್ಷಗಳ ಮೇಲೆ. ನವ ಮಂಗಳೂರು ಬಂದರು ಉದ್ಘಾಟನೆಯಾದಾಗ ಯುರೋಪಿನ ಹತ್ತಿರದ ದಾರಿ ಇನ್ನೂ ಮುಚ್ಚಿಯೇ ಇತ್ತು! ೨೦೨೧ರ ಮಾರ್ಚ್ ೨೩ರಂದು ‘ಎವರ್ ಗಿವನ್’ ಎಂಬ ೪೦೦ ಮೀಟರ್ ಉದ್ದದ ಹಡಗು ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡು ಆರು ದಿನ ಎಲ್ಲರನ್ನೂ ತಡೆಯಿತು. ೨೦೨೩ರ ನವೆಂಬರ್‌ನಿಂದ ಯೆಮೆನ್ನಿನ ಹೌತಿ ಪಡೆಗಳು ಕೆಂಪು ಸಮುದ್ರದಲ್ಲಿ ವ್ಯಾಪಾರಿ ಹಡಗುಗಳ ಮೇಲೆ ದಾಳಿ ಮಾಡತೊಡಗಿದವು. ದೊಡ್ಡ ಕಂಪನಿಗಳು ತಮ್ಮ ಹಡಗುಗಳನ್ನು ಹಾಯಿ ಹಡಗಿನ ಕಾಲದ ಹಳೆಯ ದಾರಿಗೇ, ಗುಡ್‌ಹೋಪ್ ಭೂಶಿರದ ಕಡೆಗೇ ತಿರುಗಿಸಿದವು. ೨೦೨೪ರಲ್ಲಿ ಸೂಯೆಜ್ ದಾಟಿದ ಹಡಗುಗಳ ಸಂಖ್ಯೆ ಹಿಂದಿನ ವರ್ಷದ ಸುಮಾರು ಅರ್ಧಕ್ಕೆ ಇಳಿಯಿತು.

ಲೆಕ್ಕ ಹಾಕಿ ನೋಡಿ. ಮುಂಬಯಿಯಿಂದ ಲಂಡನ್ನಿಗೆ ಸೂಯೆಜ್ ಮೂಲಕ ಸುಮಾರು ೧೧,೬೦೦ ಕಿಲೋಮೀಟರ್. ಆಫ್ರಿಕಾ ಸುತ್ತಿದರೆ ಸುಮಾರು ೧೯,೮೦೦. ವ್ಯತ್ಯಾಸ ೮,೨೦೦. ಹಡಗು ಗಂಟೆಗೆ ೨೮ ಕಿಲೋಮೀಟರ್ ಸಾಗುತ್ತದೆ ಎಂದಿಟ್ಟುಕೊಂಡರೆ ಹನ್ನೆರಡು ದಿನ ಹೆಚ್ಚು. ಇನ್ನೂ ಒಂದು ತೊಂದರೆಯಿದೆ. ಹೋಗಿ ಬರಲು ಹತ್ತು ವಾರ ಹಿಡಿಯುವ ದಾರಿಯಲ್ಲಿ ವಾರಕ್ಕೊಂದು ಹಡಗು ಹೊರಡಬೇಕಾದರೆ ಹತ್ತು ಹಡಗು ಸಾಕು. ಅದೇ ದಾರಿಗೆ ಹದಿಮೂರು ವಾರ ಹಿಡಿದರೆ ಹದಿಮೂರು ಹಡಗು ಬೇಕು. ಪೆಟ್ಟಿಗೆಗಳೂ ಅಷ್ಟೇ ಪಾಲು ಹೆಚ್ಚು ಬೇಕು. ಹಡಗೂ ಪೆಟ್ಟಿಗೆಯೂ ರಾತ್ರೋರಾತ್ರಿ ಹುಟ್ಟುವುದಿಲ್ಲ. ಆದ್ದರಿಂದಲೇ ಕೆಂಪು ಸಮುದ್ರದಲ್ಲಿ ಗುಂಡು ಹಾರಿದರೆ ಮಂಗಳೂರಿನಲ್ಲಿ ಕಂಟೇನರಿನ ಅಭಾವ.

ಬೇಲೂರಿನ ತೋಟದಲ್ಲಿ

೨೦೨೪ರ ಆರಂಭದಲ್ಲಿ ನಾವು ಬೇಲೂರು ತಾಲ್ಲೂಕಿನ ಒಂದು ಪುಟ್ಟ ಕಾಫಿ ತೋಟಕ್ಕೆ ಹೋಗಿದ್ದೆವು. ಕೊಯ್ಲು ಮುಗಿಯುತ್ತಾ ಬಂದಿತ್ತು. ಕಣದಲ್ಲಿ ಚೆರ್ರಿ ಒಣಗುತ್ತಿತ್ತು. ತೋಟದ ಹಿರಿಯರು ನಮಗೆ ಕಾಫಿ ಕೊಟ್ಟು ಹೇಳಿದರು: “ಬೆಲೆ ಏರಿದೆ ಅಂತ ಪೇಪರಿನಲ್ಲಿ ದಿನಾ ಬರುತ್ತೆ. ಕೊಳ್ಳುವವರನ್ನು ಕೇಳಿದರೆ, ‘ಸ್ವಲ್ಪ ತಡೆಯಿರಿ ಯಜಮಾನರೇ, ಕಂಟೇನರ್ ಸಿಗಲಿ’ ಅಂತಾರೆ. ಕೂಲಿಯವರಿಗೆ ತಡೆಯಿರಿ ಅಂತ ನಾನು ಹೇಳೋಕಾಗುತ್ತಾ? ನಮಗೆ ಮೊದಲು ಹೂಮಳೆಯ ಚಿಂತೆ ಒಂದೇ ಇತ್ತು. ಈಗ ಎಲ್ಲೋ ಕಾಣದ ಸಮುದ್ರದ ಚಿಂತೆಯೂ ಸೇರಿಕೊಂಡಿದೆ.”

ಅವರ ಮಾತನ್ನು ಅಂಕಿಗಳಲ್ಲಿ ಹೇಳೋಣ. ಒಂದು ಪೆಟ್ಟಿಗೆಯ ೧೯,೨೦೦ ಕಿಲೋ ಕಾಫಿಗೆ ಕಿಲೋಗೆ ೩೦೦ ರೂಪಾಯಿ ಎಂದು ಇಟ್ಟುಕೊಳ್ಳಿ. ಬೆಲೆ ೫೭ ಲಕ್ಷ ೬೦ ಸಾವಿರ. ವರ್ಷಕ್ಕೆ ಶೇಕಡಾ ೧೨ರ ಬಡ್ಡಿಯಂತೆ ಹದಿನಾಲ್ಕು ದಿನ ಹಣ ತಡವಾದರೆ ಬಡ್ಡಿಯೇ ಸುಮಾರು ೨೬,೫೦೦ ರೂಪಾಯಿ. ಇದು ಹಡಗಿನ ಬಾಡಿಗೆ ಏರಿದ್ದಕ್ಕೆ, ವಿಮೆ ಏರಿದ್ದಕ್ಕೆ ಸೇರದ ಲೆಕ್ಕ. ಕಾಫಿ ಬೆಲೆಬಾಳುವ ಸರಕು, ಹೇಗೋ ತಡೆದುಕೊಂಡೀತು. ತೆಂಗಿನ ಸೀಮೆಗಳಲ್ಲಿ ನಾರಿನ ಪುಡಿಯನ್ನು ಒತ್ತಿ ಇಟ್ಟಿಗೆ ಮಾಡಿ ಯುರೋಪಿನ ಗಾಜಿನಮನೆ ತೋಟಗಳಿಗೆ ಕಳುಹಿಸುತ್ತಾರೆ. ಆ ಪೆಟ್ಟಿಗೆಯೊಳಗಿನ ಸರಕಿನ ಬೆಲೆ ಕಾಫಿಯ ಒಂದು ಸಣ್ಣ ಪಾಲು ಮಾತ್ರ, ಹಡಗಿನ ಬಾಡಿಗೆ ಮಾತ್ರ ಅಷ್ಟೇ. ಬಾಡಿಗೆ ಏರಿದಾಗ ಮೊದಲು ಮಣಿಯುವವರು ಅಗ್ಗದ ಸರಕಿನ ಬಡ ಉತ್ಪಾದಕರು.

ಅದೇ ೨೦೨೪ರ ಜುಲೈ ಕೊನೆಯಲ್ಲಿ ಇನ್ನೊಂದು ಕೊಂಡಿ ಕಳಚಿತು. ಸಕಲೇಶಪುರ ಘಟ್ಟದ ಎಡಕುಮೇರಿ-ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ರೈಲು ಸಂಚಾರ ನಿಂತಿತು. ೨೦೧೮ರ ಆಗಸ್ಟ್‌ನಲ್ಲೂ ಹೀಗೆಯೇ ಆಗಿತ್ತು. ಆ ಘಟ್ಟವನ್ನು ಚಿತ್ರೀಕರಿಸಲು ಹೊರಟಿದ್ದ ನಾವು ಹಾಸನದಿಂದಲೇ ವಾಪಸಾದೆವು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಯೋಚನೆ. ಯೆಮೆನ್ನಿನ ಬಾಗಿಲಿಗೆ ನಾವು ಏನೂ ಮಾಡಲಾರೆವು. ಈ ಬಾಗಿಲು ನಮ್ಮ ಮನೆಯದಲ್ಲವೇ?

ಹೊಸ ದಾರಿಗಳು

ಹಳೆಯ ದಾರಿಗೆ ಇಷ್ಟು ತೊಂದರೆಯಿರುವಾಗ ಹೊಸ ದಾರಿ ಹುಡುಕುವುದು ಸಹಜ. ಸದ್ಯ ಮೂರು ದಾರಿಗಳ ಮಾತು ಹೆಚ್ಚು ಕೇಳಿಬರುತ್ತದೆ. ಮೂರನ್ನೂ ನಮ್ಮ ಕೊಂಡಿಯ ಲೆಕ್ಕದಲ್ಲಿ ನೋಡೋಣ.

ಒಂದನೆಯದು ಚೀನಾ-ಯುರೋಪ್ ರೈಲು. ೨೦೧೧ರಲ್ಲಿ ಚೀನಾದ ಚಾಂಗ್‌ಚಿಂಗ್‌ನಿಂದ ಜರ್ಮನಿಯ ಡ್ಯೂಸ್‌ಬರ್ಗ್‌ಗೆ ಗೂಡ್ಸ್ ರೈಲು ಆರಂಭವಾಯಿತು. ೨೦೧೭ರ ಜನವರಿಯಲ್ಲಿ ಯಿವು ನಗರದಿಂದ ಲಂಡನ್ನಿಗೆ ಸುಮಾರು ೧೨,೦೦೦ ಕಿಲೋಮೀಟರ್ ದೂರವನ್ನು ಸರಕು ಹದಿನೆಂಟು ದಿನಗಳಲ್ಲಿ ಕ್ರಮಿಸಿತು. ಆದರೆ ೧,೪೩೫ರಿಂದ ೧,೫೨೦ಕ್ಕೆ, ಮತ್ತೆ ೧,೫೨೦ರಿಂದ ೧,೪೩೫ಕ್ಕೆ, ಎರಡು ಬಾರಿ ಪೆಟ್ಟಿಗೆಗಳನ್ನು ಎತ್ತಿ ಬೇರೆ ವ್ಯಾಗನ್ನಿಗೆ ಇಡಬೇಕು. ೨೦೨೨ರಲ್ಲಿ ರಷ್ಯಾ-ಉಕ್ರೇನ್ ಯುದ್ಧ ಆರಂಭವಾದ ಮೇಲೆ ಯುರೋಪಿನ ಅನೇಕ ವರ್ತಕರು ಈ ದಾರಿಗೆ ಹಿಂಜರಿದರು. ನಮಗೆ ಮಾತ್ರ ಇದು ಹಿಮಾಲಯದಾಚೆಯ ದಾರಿ.

ಎರಡನೆಯದು ಅಂತರರಾಷ್ಟ್ರೀಯ ಉತ್ತರ-ದಕ್ಷಿಣ ಸಾರಿಗೆ ಮಾರ್ಗ. ಭಾರತ, ಇರಾನ್, ರಷ್ಯಾಗಳು ೨೦೦೦ದ ಸೆಪ್ಟೆಂಬರ್‌ನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಒಪ್ಪಂದ ಮಾಡಿಕೊಂಡವು. ಉದ್ದ ಸುಮಾರು ೭,೨೦೦ ಕಿಲೋಮೀಟರ್. ನಮ್ಮ ಬಂದರಿನಿಂದ ಇರಾನಿನ ಬಂದರ್ ಅಬ್ಬಾಸ್‌ಗೆ ಹಡಗು, ಇರಾನಿನೊಳಗೆ ರೈಲು ಅಥವಾ ರಸ್ತೆ, ಕ್ಯಾಸ್ಪಿಯನ್ ಸಮುದ್ರದಲ್ಲಿ ಮತ್ತೆ ಹಡಗು, ರಷ್ಯಾದಲ್ಲಿ ಮತ್ತೆ ರೈಲು. ೨೦೨೨ರ ಜೂನ್‌ನಲ್ಲಿ ರಷ್ಯಾದಿಂದ ಎರಡು ಪೆಟ್ಟಿಗೆ ಸರಕನ್ನು ಈ ದಾರಿಯಲ್ಲಿ ಮುಂಬಯಿ ಬಳಿಯ ನ್ಹಾವಾ ಶೇವಾಕ್ಕೆ ಪ್ರಾಯೋಗಿಕವಾಗಿ ಕಳುಹಿಸಿದರು. ಕ್ಯಾಸ್ಪಿಯನ್ ಸಮುದ್ರದ ಹಡಗನ್ನು ಬಿಟ್ಟು ದಡದ ಮೇಲೆ ರೈಲಿನಲ್ಲೇ ಹೋಗಬೇಕೆಂದರೆ ಇರಾನಿನ ರಶ್ತ್ ಮತ್ತು ಅಸ್ತಾರಾ ಊರುಗಳ ನಡುವೆ ಹಳಿ ಬೇಕು. ಅದನ್ನು ಹಾಕಲು ರಷ್ಯಾ ಮತ್ತು ಇರಾನ್ ಒಪ್ಪಿಕೊಂಡದ್ದು ೨೦೨೩ರ ಮೇ ತಿಂಗಳಲ್ಲಿ, ಮೂಲ ಒಪ್ಪಂದವಾಗಿ ಇಪ್ಪತ್ತೆರಡು ವರ್ಷಗಳ ಮೇಲೆ. ಆ ಹಳಿಯ ಉದ್ದ ಎಷ್ಟು ಗೊತ್ತೇ? ಕೇವಲ ೧೬೨ ಕಿಲೋಮೀಟರ್. ನಮ್ಮ ಹಾಸನ-ಮಂಗಳೂರು ಮಾರ್ಗಕ್ಕಿಂತಲೂ ಚಿಕ್ಕದು!

ಮೂರನೆಯದು ಭಾರತ-ಮಧ್ಯಪ್ರಾಚ್ಯ-ಯುರೋಪ್ ಆರ್ಥಿಕ ಕಾರಿಡಾರ್. ೨೦೨೩ರ ಸೆಪ್ಟೆಂಬರ್ ೯ರಂದು ದೆಹಲಿಯಲ್ಲಿ ಜಿ-೨೦ ಸಮ್ಮೇಳನದ ವೇಳೆ ಇದನ್ನು ಘೋಷಿಸಿದರು. ಭಾರತದಿಂದ ಅರಬ್ ಸಂಯುಕ್ತ ಸಂಸ್ಥಾನಕ್ಕೆ ಹಡಗು. ಅಲ್ಲಿಂದ ಸೌದಿ ಅರೇಬಿಯಾ, ಜೋರ್ಡಾನ್ ಮೂಲಕ ಇಸ್ರೇಲಿನ ಹೈಫಾ ಬಂದರಿಗೆ ರೈಲು. ಮತ್ತೆ ಹಡಗಿನಲ್ಲಿ ಯುರೋಪಿಗೆ. ಕೆಂಪು ಸಮುದ್ರವನ್ನೂ ಸೂಯೆಜನ್ನೂ ಬದಿಗಿಟ್ಟು ಹೋಗುವ ದಾರಿ. ಘೋಷಣೆಯಾಗಿ ಒಂದು ತಿಂಗಳು ತುಂಬುವ ಮೊದಲೇ, ಅಕ್ಟೋಬರ್ ೭ರಂದು, ಆ ಪ್ರದೇಶದಲ್ಲಿ ಯುದ್ಧ ಹೊತ್ತಿಕೊಂಡಿತು.

ಹಾಗಾದರೆ ರೈಲು ಹಡಗಿನ ಬದಲಿಯಾಗಬಲ್ಲದೇ? ಇನ್ನೊಂದು ಲೆಕ್ಕ ಹಾಕಿ. ನಮ್ಮ ದೇಶದ ಕಂಟೇನರ್ ರೈಲಿನಲ್ಲಿ ಸಾಮಾನ್ಯವಾಗಿ ೪೫ ವ್ಯಾಗನ್. ವ್ಯಾಗನ್ನಿಗೆ ಎರಡರಂತೆ ಇಪ್ಪತ್ತು ಅಡಿಯ ೯೦ ಪೆಟ್ಟಿಗೆ. ‘ಎವರ್ ಗಿವನ್’ನಂಥ ಹಡಗಿನಲ್ಲಿ ಇಂಥ ೨೦,೦೦೦ ಪೆಟ್ಟಿಗೆಗಳಿಗೆ ಜಾಗವಿದೆ. ಒಂದು ಹಡಗಿನ ಸರಕಿಗೆ ೨೨೦ಕ್ಕೂ ಹೆಚ್ಚು ರೈಲು ಬೇಕು. ಆದ್ದರಿಂದ ಸಮುದ್ರವೇ ರಾಜಮಾರ್ಗ. ರೈಲು ಅವಸರದ, ಬೆಲೆಬಾಳುವ ಸರಕಿಗೆ ಒಳದಾರಿ. ಆದರೆ ರಾಜಮಾರ್ಗ ಮುಚ್ಚಿದ ದಿನ ಒಳದಾರಿಯ ಬೆಲೆ ಗೊತ್ತಾಗುತ್ತದೆ.

ಮಿತ್ರರೇ, ಈ ಮೂರು ದಾರಿಗಳಲ್ಲಿ ಯಾವುದೂ ಕೊಂಡಿಯಿಲ್ಲದ ದಾರಿಯಲ್ಲ. ಹೊಸ ದಾರಿಯ ನಕ್ಷೆ ಬರೆಯಲು ಒಂದು ಸಂಜೆ ಸಾಕು. ಅದರ ಒಂದೊಂದು ಕೊಂಡಿಯನ್ನು ಬಿಗಿಯಲು ಒಂದು ತಲೆಮಾರು ಬೇಕಾಗುತ್ತದೆ. ದೂರದ ಕೊಂಡಿಗಳಿಗೆ ದೇಶ ದೇಶಗಳ ನಡುವೆ ಸ್ನೇಹ, ಶಾಂತಿ ಬೇಕು. ಹತ್ತಿರದ ಕೊಂಡಿಗಳಿಗೆ ಒಳ್ಳೆಯ ಭೂವಿಜ್ಞಾನಿಗಳು, ಇಂಜಿನಿಯರುಗಳು, ಹಳಿ ಕಾಯುವ ಗ್ಯಾಂಗ್‌ಮನ್‌ಗಳು, ಸರಿಯಾದ ವೇಳೆಗೆ ಹಣ ಒದಗಿಸುವ ಆಡಳಿತ ಬೇಕು. ಅವುಗಳಲ್ಲಿ ಕೆಲವು ಕೆಲಸಗಳಿಗೆ ನಿಮ್ಮಲ್ಲೇ ಕೆಲವರು ಹೋಗುವಿರಿ. ಘಟ್ಟದ ಇಳಿಜಾರಿನಲ್ಲಿ ಮಳೆನೀರು ಎಲ್ಲಿ ಇಂಗುತ್ತದೆ, ಮಣ್ಣು ಯಾವಾಗ ಜಾರುತ್ತದೆ ಎಂದು ಮುಂಚಿತವಾಗಿ ಹೇಳಬಲ್ಲ ಒಬ್ಬ ವಿದ್ಯಾರ್ಥಿ ಹಾಸನದ ಕಾಲೇಜಿನಿಂದ ಹೊರಬಂದರೆ, ಆತ ಅಥವಾ ಆಕೆ ಯುರೋಪಿನ ದಾರಿಯನ್ನು ಗಟ್ಟಿ ಮಾಡಿದಂತೆಯೇ.

ಕೊನೆಗೆ ಒಂದು ಮನೆಗೆಲಸ. ಒಂದು ಭೂಗೋಳ ಮತ್ತು ಒಂದು ಎಳೆ ದಾರ ತೆಗೆದುಕೊಳ್ಳಿ. ಮಂಗಳೂರಿನಿಂದ ಇಟಲಿಗೆ ಮೊದಲು ಸೂಯೆಜ್ ಮೂಲಕ, ಆಮೇಲೆ ಆಫ್ರಿಕಾ ಸುತ್ತಿ, ಆಮೇಲೆ ಅರೇಬಿಯಾದ ನೆಲದ ಮೂಲಕ ದಾರ ಹಿಡಿದು ಅಳೆಯಿರಿ. ಪ್ರತಿ ದಾರದಲ್ಲೂ ಸರಕು ಇಳಿದು ಹತ್ತುವ ಕಡೆ ಒಂದು ಗಂಟು ಹಾಕಿ. ಆಮೇಲೆ ಉದ್ದದ ಜೊತೆಗೆ ಗಂಟುಗಳನ್ನೂ ಎಣಿಸಿ. ನಿಮ್ಮ ಊರಿನಿಂದ ಮಂಗಳೂರಿನವರೆಗಿನ ಗಂಟುಗಳನ್ನು ಮಾತ್ರ ಮರೆಯಬೇಡಿ.

ಮತ್ತೊಮ್ಮೆ ಹಳೇಬೀಡಿಗೆ ಹೋದಾಗ ಆ ಕುದುರೆಗಳ ಸಾಲಿನ ಮುಂದೆ ಒಂದು ಗಳಿಗೆ ನಿಲ್ಲಿ. ಆ ಹುಡುಗಿಗೆ ಉತ್ತರ ಹೇಳಲು ಅಂದು ನನಗೆ ಸಮಯವಾಗಲಿಲ್ಲ. ಅವರ ಬಸ್ಸು ಹೊರಟುಬಿಟ್ಟಿತು. ಈ ಪುಟ ಅವಳ ಕಣ್ಣಿಗೆ ಬಿದ್ದರೆ, ಇದೇ ನನ್ನ ಉತ್ತರ.